ಹಾರ ಹಾಕಿದ ಟೇಪು

ಆ ಊರಿನ ಕಲಾಸಂಘದ ಸಭಾಂಗಣದಲ್ಲಿ, ವೇದಿಕೆಯ ಎಡಕ್ಕೆ, ಗಾಜಿನ ಪೆಟ್ಟಿಗೆಯೊಳಗೆ ಒಂದು ವಿಡಿಯೋ ಟೇಪು ಹಾರ ಹಾಕಿಸಿಕೊಂಡು ಕುಳಿತಿತ್ತು. ಯಾರೋ ಅದಕ್ಕೆ ಕುಂಕುಮವನ್ನೂ ಇಟ್ಟಿದ್ದರು. ವಾರ್ಷಿಕೋತ್ಸವದ ಸಂಜೆ ಅದನ್ನು ಹೊರತೆಗೆದು ಸಂಘದ ಯಂತ್ರಕ್ಕೆ ಹಾಕುತ್ತಿದ್ದರು. ಟೀವಿಯಲ್ಲಿ ಬಣ್ಣವಿಲ್ಲದ ಪಟ್ಟೆಗಳು ಮೇಲಕ್ಕೆ ಉರುಳುತ್ತಲೇ ಇರುತ್ತಿದ್ದವು. ಚಿತ್ರ ಕೆಟ್ಟಿದೆಯೆಂದು ಟೀವಿಯ ಮೇಲೆ ಬಟ್ಟೆ ಹೊದಿಸಿ, ದನಿಯನ್ನಷ್ಟೇ ಧ್ವನಿವರ್ಧಕದಲ್ಲಿ ಕೇಳಿಸುತ್ತಿದ್ದರು. ತಗ್ಗಿನ, ಗಂಭೀರವಾದ, ತೂಗಿ ತೂಗಿ ನಡೆಯುವ ಕಂಠ. ಮೊದಲ ಸಾಲಿನಲ್ಲಿ ತೊಗಲುಗೊಂಬೆಯಾಟದ ಹುಲುಗಪ್ಪ ಹೊಸ ಶಾಲು ಹೊದ್ದು ತಲೆ ತಗ್ಗಿಸಿ ಕುಳಿತಿರುತ್ತಿದ್ದ. ಹೊರದೇಶದ ಆಟದಲ್ಲಿ ಪದ ಹಾಡಿದ ಆ ಕಂಠ ಅವನದೆಂದು ಊರು ನಂಬಿತ್ತು.

ಒಂದೆಡೆ ನಿಲ್ಲುವ ಗುಣ ನನ್ನದಲ್ಲ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ದಾರಕ್ಕೆ ನೇತುಹಾಕುತ್ತಿದ್ದ ಅಗ್ಗದ ಕಾದಂಬರಿಗಳೇ ನನ್ನ ಶಾಲೆ. ಅವುಗಳ ಕೊನೆಯ ಅಧ್ಯಾಯದಲ್ಲಿ ಮೋಸ ಬಯಲಾಗುತ್ತಿತ್ತು. ಬಯಲಾದೊಡನೆ ಲೋಕ ನೆಟ್ಟಗಾಗುತ್ತಿತ್ತು. ಆ ಊರಿಗೆ ಬರುವವರೆಗೆ ನಾನದನ್ನು ನಂಬಿದ್ದೆ.

ಅಲ್ಲಿ ನನಗೆ ಒಂದು ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಮದುವೆಯ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು. ಟೇಪಿಗೆ ಬೂಷ್ಟು ಹಿಡಿಯುವ ಮೊದಲೇ ಇಳಿಸಿಕೊಡಿ ಎಂದು ಸಂಘದ ಕಾರ್ಯದರ್ಶಿ ಗುರುಸಿದ್ಧಯ್ಯನವರು ಆ ಹಾರದ ಟೇಪನ್ನೂ ಕಳಿಸಿದರು. ಸುದ್ದಿ ತಿಳಿದು ಮರುದಿನ ಬೆಳಿಗ್ಗೆಯೇ ಒಬ್ಬ ಮುದುಕಿ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕುಳಿತಳು. ಹುಲುಗಪ್ಪನ ಅತ್ತಿಗೆ, ದುರುಗವ್ವ.

"ಅದು ನನ್ನ ಪದ ಐತೆಪ್ಪಾ," ಎಂದಳು. "ಪರದೇಶಕ್ಕೆ ಹೋದಾಗ ಹಾಡಿದ್ದು ನಾನು. ಯಜಮಾನ್ರು ಹಾಸಿಗಿ ಹಿಡಿದಿದ್ರು. ಮೈದುನ ದೀಪ ಹಿಡಿಯಾಕ ಬಂದಿದ್ದ."

"ಸಂಘದಲ್ಲಿ ಹೇಳಲಿಲ್ಲವೇ?"

"ಹೇಳಿದೆ. ಟೇಪು ಹಾಕಿ ಕೇಳಿಸಿದ್ರು. ಇದು ಗಂಡಸಿನ ದನಿ, ಸುಮ್ನಿರಬೇ ಅಂದ್ರು. ಮಾತು ನಂದೇ. ಉಸುರು ತಗೊಳ್ಳೋ ಜಾಗ ನಂದೇ. ದನಿ ಮಾತ್ರ ನಂದಲ್ಲ. ನನಗ ನನ್ನ ಮ್ಯಾಲೇ ಅನುಮಾನ ಬಂತು."

ಅವರ ಮನೆತನದಲ್ಲಿ ಗೊಂಬೆಗಳ ಪೆಟ್ಟಿಗೆ ಪದ ಹೇಳುವವರ ಮನೆಯಲ್ಲಿರಬೇಕು. ಪೆಟ್ಟಿಗೆಯಿಲ್ಲದವರು ಆಟ ಕಟ್ಟುವಂತಿಲ್ಲ. ದುರುಗವ್ವನ ಗಂಡ ತೀರಿಕೊಂಡಾಗ ಪೆಟ್ಟಿಗೆ ಯಾರದೆಂಬ ಜಗಳ ಸಂಘದ ಮುಂದೆ ಬಂದಿತ್ತು. ಸಂಘ ಟೇಪನ್ನು ಸಾಕ್ಷಿ ಕೇಳಿತು. ಪೆಟ್ಟಿಗೆ ಹುಲುಗಪ್ಪನ ಮನೆ ಸೇರಿತು. ಅಂದಿನಿಂದ ಅವಳು ಗೊಂಬೆ ಮುಟ್ಟಿರಲಿಲ್ಲ.

ನಾನು ಮೊದಲು ಟೇಪನ್ನು ಎಲ್ಲ ಟೇಪುಗಳಂತೆಯೇ ಹಾಕಿದೆ. ಅವೇ ಪಟ್ಟೆಗಳು, ಅದೇ ತಗ್ಗಿನ ದನಿ. ಆಗ ಸ್ಟುಡಿಯೋದ ಮಾಲೀಕರು, "ಹೊರದೇಶದ್ದಲ್ಲೇನು? ಮೂಲೆಯಾಗಿನ ಯಂತ್ರಕ್ಕ ಹಾಕು, ಅದು ಎರಡೂ ನಮೂನೆ ಓಡಸ್ತದ," ಎಂದರು. ಆ ದೇಶದ ಟೀವಿ ಸೆಕೆಂಡಿಗೆ ಮೂವತ್ತು ಚಿತ್ರ ತೋರಿಸುತ್ತದೆ; ನಮ್ಮದು ಇಪ್ಪತ್ತೈದು. ನಮ್ಮ ಯಂತ್ರ ಆ ಟೇಪನ್ನು ತನ್ನ ನಡಿಗೆಗೆ ತಕ್ಕಂತೆ ನಿಧಾನವಾಗಿ ಎಳೆಯುತ್ತಿತ್ತು. ನಿಧಾನವಾದ ದನಿ ತಗ್ಗುತ್ತದೆ. ತಗ್ಗಿದ ಹೆಣ್ಣುದನಿ ಗಂಡುದನಿಯಾಗುತ್ತದೆ. ಅಷ್ಟೇ. ಇಷ್ಟು ವರ್ಷ ಕುಂಕುಮ ಇಟ್ಟವರಲ್ಲಿ ಒಬ್ಬನಿಗೂ ಇನ್ನೊಂದು ಯಂತ್ರದಲ್ಲಿ ಹಾಕಿ ನೋಡೋಣವೆಂದು ಅನ್ನಿಸಿರಲಿಲ್ಲ.

ಟೇಪನ್ನು ಮೂಲೆಯ ಯಂತ್ರಕ್ಕೆ ಹಾಕಿ, ಕಂಪ್ಯೂಟರಿನಲ್ಲೂ ಆ ದೇಶದ ನಮೂನೆಯನ್ನೇ ಆರಿಸಿ ಓಡಿಸಿದೆ. ಪಟ್ಟೆಗಳು ನಿಂತವು. ಬಣ್ಣ ಬಂತು. ಆ ದೇಶದವರು ಕ್ಯಾಮೆರಾವನ್ನು ಪರದೆಯ ಹಿಂದೆ ಇಟ್ಟಿದ್ದರು. ಹಸಿರು ಸೀರೆಯ ಹೆಂಗಸೊಬ್ಬಳು ಎರಡೂ ಕೈಗಳಲ್ಲಿ ಗೊಂಬೆ ಎತ್ತಿ, ಕಾಲಿನಿಂದ ಹಲಗೆಗೆ ತಾಳ ಹಾಕುತ್ತ, ಚುರುಕಾಗಿ ಹಾಡುತ್ತಿದ್ದಳು. ಪಕ್ಕದಲ್ಲಿ ಹುಲುಗಪ್ಪ ದೀಪ ಹಿಡಿದು ಆಕಳಿಸುತ್ತಿದ್ದ.

ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದ ದುರುಗವ್ವ ಅಳಲಿಲ್ಲ. "ಎಷ್ಟು ಗಡಿಬಿಡಿ ಮಾಡ್ತಿದ್ದೆ ನೋಡು," ಎಂದಳು.

ಗುರುಸಿದ್ಧಯ್ಯನವರನ್ನೂ ಹುಲುಗಪ್ಪನನ್ನೂ ಕರೆಸಿ ತೋರಿಸಿದೆವು. ಚಿತ್ರ ಮುಗಿದ ಮೇಲೆ ಹುಲುಗಪ್ಪನೇ ಮೊದಲು ಬಾಯಿಬಿಟ್ಟ.

"ಅತ್ತಿಗಿ, ನಾ ಹಾಡೀನಿ ಅಂತ ಯಾವತ್ತೂ ಹೇಳಿಲ್ಲ. ಸಂಘದವರೇ ಹೇಳಿದ್ರು."

"ಹೌದು, ನೀ ಏನೂ ಹೇಳಿಲ್ಲ. ಬರೇ ಶಾಲು ಹೊದ್ದಿ."

ಗುರುಸಿದ್ಧಯ್ಯನವರು ಕನ್ನಡಕ ಒರೆಸಿಕೊಂಡರು. ತಪ್ಪಾಯಿತು ಎನ್ನುತ್ತಾರೆಂದು ನಾನು ಕಾದೆ.

"ಕೆಲಸ ಚಲೋ ಮಾಡೀರಿ," ಎಂದರು. "ಆದರ ಜನಕ್ಕ ರೂಢಿಯಾಗಿದ್ದು ಆ ಗಂಭೀರ ದನಿ. ಇದು ಹೆಂಗಸು ಹಾಡಿದಂಗ ಕೇಳಸ್ತದ. ಮೊದಲಿನಂಗ ನಿಧಾನ ಮಾಡಿಕೊಡಾಕ ಬರ್ತದೇನು?"

"ಅದು ಸುಳ್ಳಾಗುತ್ತದೆ," ಎಂದೆ.

"ಸುಳ್ಳಲ್ಲ ತಮ್ಮಾ. ಸಂಪ್ರದಾಯ."

ಕಾಣದೆ ತಪ್ಪಿದವರನ್ನು ಕ್ಷಮಿಸಬಹುದಿತ್ತು. ಕಣ್ಣಾರೆ ಕಂಡು, ಕಿವಿಯಾರೆ ಕೇಳಿ, ಆಮೇಲೂ ತಪ್ಪನ್ನೇ ಮತ್ತೆ ಮಾಡಿಕೊಡು ಎಂದು ಕೇಳುವ ಸಭ್ಯತೆಯನ್ನು ನಾನು ಎಷ್ಟು ಊರು ತಿರುಗಿದರೂ ಕ್ಷಮಿಸಲಾರೆ. ಮಾಡಿಕೊಡುವುದಿಲ್ಲ ಎಂದೆ. ಅವರು ಸಿಟ್ಟಾಗಲೂ ಇಲ್ಲ. ಟೇಪನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟರು; ಹುಲುಗಪ್ಪನೂ ಅವರ ಹಿಂದೆಯೇ ಮನೆಗೆ ನಡೆದ. ಸಂಘದ ಹಳೆಯ ಯಂತ್ರ ಇದ್ದೇ ಇತ್ತಲ್ಲ.

ದುರುಗವ್ವ ಎದ್ದು ಸೆರಗು ಸಿಕ್ಕಿಸಿಕೊಂಡಳು. "ನಡಿಯಪ್ಪಾ, ಪೆಟ್ಟಿಗಿ ಒಬ್ಬಳ ಕೈಲಿ ಏಳಂಗಿಲ್ಲ."

ನಡುಹಗಲು, ಓಣಿಯ ಜನರೆಲ್ಲ ನೋಡುತ್ತಿದ್ದಂತೆ, ನಾವು ಹುಲುಗಪ್ಪನ ಮನೆಗೆ ಹೋದೆವು. ಅವನು ಬಾಗಿಲಲ್ಲಿ ನಿಂತಿದ್ದ. ಅವಳು ನಿಲ್ಲಲಿಲ್ಲ, ಅವನೇ ಪಕ್ಕಕ್ಕೆ ಸರಿದ. ಸಂಘದ ಅಪ್ಪಣೆ ಇದೆಯೇ ಎಂದು ಯಾರೋ ಕೇಳಿದರು. "ಟೇಪು ಅವರಿಗಿರಲಿ," ಎಂದಳು ದುರುಗವ್ವ, ಪೆಟ್ಟಿಗೆಯ ಒಂದು ತುದಿ ಎತ್ತುತ್ತ.

ನಾನು ಆ ಊರು ಬಿಟ್ಟಿದ್ದು ವಾರ್ಷಿಕೋತ್ಸವ ಮುಗಿದ ಮೇಲೆ. ಆ ಸಂಜೆ ಸಭಾಂಗಣ ತುಂಬಿತ್ತು. ಗಾಜಿನ ಪೆಟ್ಟಿಗೆಗೆ ಹೊಸ ಹಾರ ಬಂದಿತ್ತು, ಹುಲುಗಪ್ಪನಿಗೆ ಹೊಸ ಶಾಲು. ದುರುಗವ್ವನ ಅಂಗಳದಲ್ಲಿ ಒಂದು ಬಿಳಿಯ ಪಂಚೆ ಕಟ್ಟಿದ್ದೆವು. ಓಣಿಯ ನಾಲ್ಕಾರು ಹೆಂಗಸರು ಮುಂದೆ ಕುಳಿತಿದ್ದರು. ನಾನು ದೀಪ ಹಿಡಿದಿದ್ದೆ. ಅವಳು ಗಣಪತಿಯ ಗೊಂಬೆಯನ್ನು ಹಣೆಗೆ ಒತ್ತಿಕೊಂಡು ಪರದೆಗೆ ಹಚ್ಚಿದಳು. ಅದೇ ಹೊತ್ತಿಗೆ ಸಭಾಂಗಣದ ಧ್ವನಿವರ್ಧಕದಿಂದ ಗಣಪತಿಯ ಪದ ಶುರುವಾಯಿತು. ಅವಳು ಒಂದು ಕ್ಷಣ ಆಲಿಸಿ, ಅದೇ ಪದವನ್ನು ಎತ್ತಿಕೊಂಡಳು. ವಯಸ್ಸಾದ ದನಿ ಅಲ್ಲಲ್ಲಿ ಒಡೆಯುತ್ತಿತ್ತು. ನಡಿಗೆ ಮಾತ್ರ ಚುರುಕಾಗಿತ್ತು.

ಅವಳ ಪದ ಮುಗಿಯಿತು. ಗಣಪತಿ ಬಾಗಿ ಪರದೆಯಿಂದ ಸರಿದ. ಅವಳು ಮುಂದಿನ ಗೊಂಬೆಗಾಗಿ ಪೆಟ್ಟಿಗೆಯೊಳಗೆ ಕೈ ಹಾಕಿದಳು. ದೂರದಲ್ಲಿ ಧ್ವನಿವರ್ಧಕ ಇನ್ನೂ ಅದೇ ಪದದ ನಡುವಿನಲ್ಲಿ ತೆವಳುತ್ತಿತ್ತು.