ಎಡಗೈಗೆ ತಿರುಗಿಸಿದ ಗಿಟಾರು

ಗಿಟಾರಿನ ಕತ್ತಿನ ಮೇಲಿದ್ದ ರಕ್ತ ಮೊದಲು ಕಂಡದ್ದು ನನಗೆ. ಬಾರಿಸುತ್ತಿದ್ದವರಿಗೆ ಅದು ಗೊತ್ತೇ ಇರಲಿಲ್ಲ.

"ಸ್ವಲ್ಪ ನಿಂದರ್ರಿ," ಎಂದೆ.

ನನ್ನ ಗಂಡ ಶರಣಕುಮಾರ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಅವರ ಎಡಗೈ ಹಿಡಿದು ತಿರುಗಿಸಿದೆ. ತೋರುಬೆರಳಿನ ತುದಿ ಸೀಳಿತ್ತು. ಗಿಟಾರಿನ ಕತ್ತಿನುದ್ದಕ್ಕೂ ಅಡ್ಡಡ್ಡವಾಗಿ ಲೋಹದ ಪಟ್ಟಿಗಳಿರುತ್ತವೆ. ಅಗ್ಗದ ಗಿಟಾರಿನಲ್ಲಿ ಆ ಪಟ್ಟಿಗಳ ತುದಿಯನ್ನು ಯಾರೂ ಸರಿಯಾಗಿ ಉಜ್ಜಿರುವುದಿಲ್ಲ. ಅಂಥದೊಂದು ತುದಿ ಬೆರಳನ್ನು ಕೊಯ್ದಿತ್ತು.

"ನೋವಾಗಲಿಲ್ಲೇನ್ರಿ?" ಎಂದು ಕೇಳಿದೆ. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

"ಆಗಿದ್ರ ಛಲೋ ಇತ್ತು," ಎಂದರು.

ಹೋದ ಬೇಸಿಗೆಯಲ್ಲಿ ಅವರು ಗಿಣಿಗೇರಾದ ಕಾರ್ಖಾನೆಯಿಂದ ಕೊಪ್ಪಳಕ್ಕೆ ಬೈಕಿನಲ್ಲಿ ಬರುವಾಗ, ರಸ್ತೆಗೆ ಚೆಲ್ಲಿದ್ದ ಅದಿರಿನ ಪುಡಿಯ ಮೇಲೆ ಗಾಲಿ ಜಾರಿ ಬಿದ್ದಿದ್ದರು. ಎಡ ಮುಂಗೈಯ ಮೂಳೆ ಮುರಿಯಿತು. ಮೂಳೆ ಕೂಡಿತು. ಬೆರಳು ಮಡಿಚುತ್ತವೆ, ಬಿಚ್ಚುತ್ತವೆ. ಆದರೆ ಅಂಗೈಗೂ ಬೆರಳ ತುದಿಗಳಿಗೂ ಏನೂ ಗೊತ್ತಾಗುವುದಿಲ್ಲ. ನರ ಬೆಳೆಯಲು ಸಮಯ ಬೇಕು, ಬೆಳೆಯದೆಯೂ ಇರಬಹುದು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ನೋಡಲು ಬಂದವರೆಲ್ಲ "ಜೋಮು ಹಿಡದೈತಂತಲ್ಲ?" ಎಂದು ಕೇಳುತ್ತಿದ್ದರು. ಜೋಮು ಇಳಿಯುವಂಥದ್ದು. ಹಾಗಾಗಿ ನಾನು ಆ ಮಾತು ಬಳಸುವುದಿಲ್ಲ.

ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಅವರ ಎಡಗೈಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡುವುದು ನನ್ನ ದಿನದ ಕೆಲಸ. ಒಂದು ದಿನ ಚಹಾದ ಲೋಟ ಸುಟ್ಟಿರುತ್ತದೆ, ಇನ್ನೊಂದು ದಿನ ಬಾಗಿಲ ಚಿಲಕ ಚರ್ಮ ಕಿತ್ತಿರುತ್ತದೆ. ಅವರು ಕೈಯನ್ನು ನನ್ನ ತೊಡೆಯ ಮೇಲಿಟ್ಟು ಟಿ.ವಿ. ಕಡೆ ನೋಡುತ್ತ ಕೂರುತ್ತಾರೆ, ಯಾರದೋ ಕೈ ಎಂಬಂತೆ. ನಾನು ಕಾಲೇಜಿನಲ್ಲಿ ಪಾಠ ಹೇಳುವಾಗ ಕೂಡ, ಅವರು ಮನೆಯಲ್ಲಿದ್ದ ದಿನವಾದರೆ, ಒಲೆಯ ಮೇಲಿನ ಪಾತ್ರೆ ಮುಟ್ಟಿರಬಹುದೇ ಎಂದು ಯೋಚಿಸುತ್ತಿರುತ್ತೇನೆ.

ಗಿಟಾರು ಅವರು ಮದುವೆಗೆ ಮುಂಚೆಯೇ ತೆಗೆದುಕೊಂಡದ್ದು. ಕೆಂಪು ಬಣ್ಣದ ಅಗ್ಗದ ಎಲೆಕ್ಟ್ರಿಕ್ ಗಿಟಾರು. ಗೆಳೆಯರ ಆರ್ಕೆಸ್ಟ್ರಾದಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ಮದುವೆಗಳಲ್ಲಿ ಅದನ್ನೇ ಬಾರಿಸುತ್ತಿದ್ದರು. ಬಿದ್ದ ಮೇಲೆ ಆರ್ಕೆಸ್ಟ್ರಾದವರು "ಕೀಬೋರ್ಡಿನ್ಯಾಗ ಗಿಟಾರಿನ ಸೌಂಡೂ ಬರ್ತೈತ್ರಿ, ನೀವು ಆರಾಮ ಆಗ್ರಿ" ಎಂದು ಹೇಳಿ ಹೋದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಆ ಒಂದು ವರ್ಷದಲ್ಲಿ ಅವರು ಒಂದೊಂದನ್ನೇ ಬಿಟ್ಟರು. ಬೈಕು ಬಿಟ್ಟರು. ಗೆಳೆಯರ ಫೋನು ಎತ್ತುವುದು ಬಿಟ್ಟರು. ಬೆಳಗಿನ ಲಿಂಗಪೂಜೆ ಬಿಟ್ಟರು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬಲಗೈಯಿಂದ ಪೂಜಿಸುತ್ತಾರೆ. "ಲಿಂಗ ಕೈಯಾಗ ಐತೋ ಇಲ್ಲೋ ಗೊತ್ತಾಗೂದಿಲ್ಲವ್ವಾ. ಬಿದ್ರ ಏನ ಮಾಡ್ಲಿ?" ಎಂದು ತಾಯಿಗೆ ಹೇಳಿ ಎದ್ದುಬಿಟ್ಟಿದ್ದರು. ನನ್ನ ಅತ್ತೆ ಶಂಕ್ರಮ್ಮ ಅದಕ್ಕೆ ಏನೂ ಹೇಳಿರಲಿಲ್ಲ. ಸುಮ್ಮನಿರುವ ಸ್ವಭಾವದವರಲ್ಲ ಅವರು.

ಉಳಿದದ್ದು ಗಿಟಾರು ಒಂದೇ. ಅದನ್ನೂ ಬಿಟ್ಟರೆ ಆಮೇಲೆ ಇವರಿಗೆ ಬೇಕು ಅನ್ನಿಸುವಂಥದ್ದು ಏನೂ ಇರುವುದಿಲ್ಲ ಎಂದು ನನಗೆ ಹೆದರಿಕೆ. ಬಾರಿಸುವುದು ಬಿಡಿ ಅನ್ನಲಾರೆ, ಬಾರಿಸಿ ಅಂದರೆ ರಕ್ತ ನೋಡಬೇಕು.

"ಸರಿ ಮಾಡಸೂಣ್ರಿ ಇದನ್ನ," ಎಂದೆ.

"ಈ ಸಸ್ತಾ ಗಿಟಾರಿಗಿ ಯಾಕ ರಿಪೇರಿ?" ಎಂದರು. ಆದರೂ ಭಾನುವಾರ ನನ್ನ ಜೊತೆ ಗಂಗಾವತಿಯ ಬಸ್ಸು ಹತ್ತಿದರು.

ಅಲ್ಲಿ ಇವರ ಹಳೆಯ ಪರಿಚಯದ ಮೌಲಾಹುಸೇನ ಅವರ ಅಂಗಡಿ ಹಾರ್ಮೋನಿಯಂ ರಿಪೇರಿಯದು. ಸೀಜನ್ನಿನಲ್ಲಿ ಅವರೂ ಮದುವೆಗಳಲ್ಲಿ ಗಿಟಾರು ಬಾರಿಸುತ್ತಾರೆ. ಕಾರಟಗಿಯ ಗಿರಾಕಿಯೊಬ್ಬರ ಜೊತೆ ಫೋನಿನಲ್ಲಿ ತೆಲುಗು ಮಾತಾಡಿ ಮುಗಿಸಿ, ನಮ್ಮ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕತ್ತಿನುದ್ದಕ್ಕೂ ನೋಡಿದರು.

"ಖರೇ ಹೇಳ್ತೀನ್ರಿ ಅಕ್ಕಾರ. ಇದು ಪ್ಲೈವುಡ್ಡು. ಇದರ ಮ್ಯಾಲ ಕೆಲಸಾ ಮಾಡೂದು ಅಂದ್ರ ಬಾಡಿಗಿ ಮನಿಗಿ ಬಣ್ಣಾ ಹಚ್ಚಿದಂಗ."

"ಅದನ್ನ ಹೇಳಾಕತ್ತೀನಿ ನಾನೂ," ಎಂದರು ಇವರು.

"ಬಾಡಿಗಿ ಮನ್ಯಾಗ ನಾವೂ ಅದೀವ್ರಿ," ಎಂದೆ.

ಮೌಲಾಹುಸೇನ ನಕ್ಕರು. ಪಟ್ಟಿಗಳ ತುದಿ ಉಜ್ಜಿ ನುಣುಪು ಮಾಡಿದರು. ಬೆರಳಿಗೆ ಕಡಿಮೆ ಬಲ ಸಾಕಾಗಲಿ ಎಂದು ನಾನೇ ಕೇಳಿದ್ದರಿಂದ ತೆಳ್ಳಗಿನ ತಂತಿ ಹಾಕಿ, ತಂತಿಗಳನ್ನು ಕತ್ತಿಗೆ ತೀರ ಹತ್ತಿರ ಇಳಿಸಿದರು.

ಮನೆಗೆ ಬಂದು ಬಾರಿಸಿದಾಗ ರಕ್ತ ಬರಲಿಲ್ಲ. ಸ್ವರವೂ ಬರಲಿಲ್ಲ. ಎಲ್ಲಿ ಒತ್ತಿದರೂ ತಂತಿ ಪಟ್ಟಿಗೆ ತಾಗಿ ಗುರ್ ಅನ್ನುತ್ತಿತ್ತು. ಗಟ್ಟಿಯಾಗಿ ಒತ್ತಿದರೆ ತೆಳ್ಳಗಿನ ತಂತಿ ಬಿಗಿಯಾಗಿ ಸ್ವರ ಏರುತ್ತಿತ್ತು. ತಪ್ಪು ಗಿಟಾರಿನದೋ ತನ್ನ ಬೆರಳಿನದೋ ಇವರಿಗೆ ತಿಳಿಯುತ್ತಿರಲಿಲ್ಲ.

"ಅದೇನೋ ಶರಣಾ, ಬಾಗಲಾ ಎಣ್ಣಿ ಬೇಡಿದಂಗ ಅನ್ನಾಕತ್ತೈತಿ," ಎಂದರು ಅತ್ತೆ ಅಡುಗೆ ಮನೆಯಿಂದ.

ಇವರು ಎದ್ದು, ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು, ಅಲ್ಮೇರಾದ ಮೇಲೆ ಇಟ್ಟರು. ಕೋಪದಿಂದ ಇಟ್ಟಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಒಗೆದ ಬಟ್ಟೆ ಮಡಿಸಿಡುವ ಹಾಗೆ ಇಟ್ಟರು. ಅದರ ಮೇಲೆ ಧೂಳು ಕೂತದ್ದನ್ನು ನಾನು ದಿನಾ ನೋಡಿದೆ. ಒರೆಸಲಿಲ್ಲ.

ಮುಂದಿನ ತಿಂಗಳು ಹನುಮಸಾಗರದಲ್ಲಿ ನಮ್ಮ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ರಮವಿತ್ತು. ಬಸ್ಸಿನಲ್ಲಿ ಡ್ರೈವರು ಹಳೆಯ ಹಾಡು ಹಚ್ಚಿದ್ದ. ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು, ನಾನು ಅಭ್ಯಾಸದಂತೆ ಎಡಗೈ ನೋಡುತ್ತಿದ್ದೆ. ಅದು ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬಲಗೈ ಮುಂದಿನ ಸೀಟಿನ ಕಬ್ಬಿಣದ ಸರಳು ಹಿಡಿದಿತ್ತು. ಹಾಡು ತಿರುಗಿದಲ್ಲೆಲ್ಲ ಆ ಬೆರಳುಗಳು ಸರಳಿನ ಮೇಲೆ ಜಾಗ ಬದಲಿಸುತ್ತಿದ್ದವು. ಒಂದು ಮಡಿಚಿ, ಎರಡು ಚಾಚಿ, ಮತ್ತೆ ಎಲ್ಲವೂ ಒಟ್ಟಿಗೆ ಕೆಳಗೆ ಜಾರಿ. ಎಡಗೈ ಗಿಟಾರಿನ ಕತ್ತಿನ ಮೇಲೆ ಏನು ಮಾಡುತ್ತಿತ್ತೋ ಅದನ್ನೇ ಬಲಗೈ ಮಾಡುತ್ತಿತ್ತು. ಇವರಿಗೆ ಅದು ಗೊತ್ತಿರಲಿಲ್ಲ. ಹಾಡು ಮುಗಿದಾಗ ಬೆರಳುಗಳೂ ನಿಂತವು.

 ಅದನ್ನು ಹೇಳಿದರೆ ಆ ಕೈಯೂ ನಿಂತುಹೋಗಬಹುದು ಅನ್ನಿಸಿತು.

ಅವರಿಗೆ ಹಗಲು ಪಾಳಿ ಇದ್ದ ಒಂದು ದಿನ, ಕಾಲೇಜಿಗೆ ರಜೆ ಹಾಕಿ, ಗಿಟಾರನ್ನು ಇಳಿಸಿಕೊಂಡು ಒಬ್ಬಳೇ ಗಂಗಾವತಿಗೆ ಹೋದೆ.

"ಎಡಗೈಯವರು ಬಾರಸೂ ಹಂಗ ತಿರುವಿ ಕಟ್ಟಾಕ ಬರ್ತೈತೇನ್ರಿ?" ಎಂದು ಕೇಳಿದೆ. "ಬಲಗೈಲೆ ಒತ್ತಬೇಕು, ಎಡಗೈಲೆ ಮೀಟಬೇಕು."

ಮೌಲಾಹುಸೇನ ಗಿಟಾರನ್ನು ತಿರುವಿ ಹಿಡಿದು ನೋಡಿದರು. "ಶರಣಣ್ಣಗ ಕೇಳೀರೇನ್ರಿ ಅಕ್ಕಾರ?"

"ಇಲ್ರಿ."

"ಒಮ್ಮಿ ತಿರುವಿದ್ರ ಮುಗೀತ್ರಿ. ತಂತಿ ಕುಂದ್ರೂ ಈ ಬಿಳೀ ತುಂಡು ಒಡದು ತಗೀಬೇಕು. ಬೆಲ್ಟಿಗಿ ಈ ಕಡೆ ತೂತಾ ಹೊಡೀಬೇಕು. ತುಟ್ಟೀದಾಗಿದ್ರ ನಾ ಕೈನ ಹಚ್ಚತಿರಲಿಲ್ಲ."

"ತುಟ್ಟೀದಾಗಿದ್ರ ನಾನೂ ತರ್ತಿರಲಿಲ್ರಿ," ಎಂದೆ.

ಆ ಬಿಳಿ ತುಂಡು ಒಡೆದಾಗ ಹಲ್ಲು ಕಿತ್ತ ಹಾಗೆ ಸಣ್ಣ ಸದ್ದಾಯಿತು. ನಾನು ಅಂಗಡಿಯ ಹೊರಗೆ ನೋಡಿದೆ. ಮೌಲಾಹುಸೇನ ಈ ಸಲ ದಪ್ಪ ತಂತಿ ಹಾಕಿ, ಎತ್ತರವನ್ನು ಮೊದಲಿನಷ್ಟೇ ಇಟ್ಟರು. ಮೀಟುವ ಪ್ಲಾಸ್ಟಿಕ್ ಬಿಲ್ಲೆ ಸ್ಪರ್ಶ ಗೊತ್ತಾಗದ ಬೆರಳಿಂದ ಬಿದ್ದುಹೋಗುತ್ತದೆ ಎಂದು ನಾನು ಹೇಳಿದಾಗ, ಸಿತಾರ ಬಾರಿಸುವವರು ಬೆರಳಿಗೆ ತೊಡುವ ತಂತಿಯ ಮಿಜರಾಬು ಒಂದನ್ನು ಹುಡುಕಿ ಕೊಟ್ಟರು. ಉಂಗುರದ ಹಾಗೆ ಇರುತ್ತದೆ. ನನ್ನ ಬೆರಳಿಗೆ ಹಾಕಿ ನೋಡಿಕೊಂಡೆ. ತುದಿ ಬೆಳ್ಳಗಾಯಿತು. "ಇನ್ನೂ ಸಡಲ ಮಾಡ್ರಿ," ಎಂದೆ. ಬಿಗಿಯಾದರೆ ಇವರಿಗೆ ತಿಳಿಯುವುದಿಲ್ಲ.

ಸಂಜೆ ಇವರು ಚೀಲ ತೆರೆದು ಗಿಟಾರನ್ನು ಎಂದಿನಂತೆ ತೊಡೆಗೆ ಎಳೆದುಕೊಂಡರು. ತಂತಿಗಳು ಉಲ್ಟಾ ಇದ್ದವು. ಕತ್ತಿನ ತುದಿಯಲ್ಲಿ ಹೊಸ ತುಂಡು, ಬದಿಯಲ್ಲಿ ಹೊಸ ತೂತು. ಬೆರಳಿನಿಂದ ತೂತು ಮುಟ್ಟಿ ನೋಡಿದರು, ಬಲಗೈ ಬೆರಳಿನಿಂದ.

"ಯಾರನ್ನ ಕೇಳಿ ಮಾಡಸಿದಿ?"

"ಯಾರನ್ನೂ ಕೇಳಲಿಲ್ರಿ."

"ಈ ಕೈ ಇನ್ನ ಬರೂದಿಲ್ಲ ಅಂತ ನೀನ ತೀರ್ಮಾನ ಮಾಡಿದಂಗಾತು."

ಬಸ್ಸಿನಲ್ಲಿ ಕಂಡದ್ದನ್ನು ಹೇಳಬಹುದಿತ್ತು. ಡಾಕ್ಟರ ಮಾತು ನೆನಪಿಸಬಹುದಿತ್ತು. ಹುಡುಕಿದ ಮಾತುಗಳೆಲ್ಲ ಅವರು ಹೇಳಿದ್ದನ್ನೇ ಸರಿ ಎಂದು ಒಪ್ಪಿದ ಹಾಗೆ ಕೇಳಿಸುತ್ತಿದ್ದವು. ಆವತ್ತು ಕೈ ನೋಡಲು ಕೊಡಲಿಲ್ಲ ಅವರು. ಗಿಟಾರು ಮಂಚದ ಮೇಲೆ ಉಳಿಯಿತು. ರಾತ್ರಿ ಗೋಡೆಗೆ ಆನಿಸಿಟ್ಟು ಮಲಗಿದೆವು. ಬೆಳಿಗ್ಗೆ ಮತ್ತೆ ಮಂಚಕ್ಕೆ. ಹೀಗೆ ಕೆಲವು ದಿನ ಹೋಯಿತು. ಊಟಕ್ಕೆ ಏನು ಮಾಡಲಿ ಎಂದು ಕೇಳಿದರೆ "ಏನಾರ ಮಾಡು" ಅನ್ನುತ್ತಿದ್ದರು. ನಾನು ಏನಾದರೂ ಮಾಡುತ್ತಿದ್ದೆ.

ಕೊನೆಗೆ ಅತ್ತೆಯೇ ಗಿಟಾರನ್ನು ಎತ್ತಿ ಮಗನ ಮುಂದೆ ಹಿಡಿದರು. ರೊಟ್ಟಿ ಬಡಿದ ಹಿಟ್ಟು ಇನ್ನೂ ಕೈಯಲ್ಲಿತ್ತು.

"ಇದನ್ನ ಬಾರಸ್ತೀಯೋ, ಇಲ್ಲಾ ಒಲಿಗಿ ಹಾಕ್ಲೋ? ಕುಂದ್ರಾಕ ಜಾಗಾ ಇಲ್ದಂಗಾಗೈತಿ."

"ಅದು ಎಡಗೈಲೆ ಬಾರಸೂ ಹಂಗ ಮಾಡ್ಯಾಳವ್ವಾ. ಮಂದಿ ನಗತಾರ."

"ಯಾಕ ನಗತಾರ? ಎಡಗೈ ಅಂದ್ರ ಲಿಂಗಾ ಹಿಡಿಯೂ ಕೈ. ಶಿವನ್ನ ಹಿಡದ ಕೈಗಿ ತಂತಿ ಮುಟ್ಟಾಕ ಏನ ಧಾಡಿ?"

"ಹಿಡದದ್ದ ಗೊತ್ತಾಗೂದಿಲ್ಲಲ್ಲವ್ವಾ ಅದಕ್ಕ," ಎಂದರು ಇವರು. ಧ್ವನಿ ಎತ್ತರಿಸಲಿಲ್ಲ.

ಅತ್ತೆ ಮಗನ ಪಕ್ಕ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಈಗ ಅಳಬಹುದು ಅಂದುಕೊಂಡೆ. ಅಳಲಿಲ್ಲ.

"ಅದಕ್ಕ ಗೊತ್ತಾಗದಿದ್ರ ಬಿಡು, ಹೊಡಕೋತ ಇರ್ಲಿ. ಬಲಗೈಗಿ ಗೊತ್ತಾಗತೈತಿಲ್ಲೋ? ಅದೇನ ಉಣ್ಣಾಕ ಅಷ್ಟ ಐತೇನು?"

ಇವರ ಬಾಯಿಯಿಂದ ನಗುವಿನಂಥದ್ದು ಒಂದು ಹೊರಟಿತು. ಅತ್ತೆ ಎದ್ದು ರೊಟ್ಟಿ ಬಡಿಯಲು ಹೋದರು.

ಇವರು ಗಿಟಾರನ್ನು ತಿರುಗಿಸಿ ಹಿಡಿದರು. ಮಿಜರಾಬನ್ನು ಎಡಗೈ ಬೆರಳಿಗೆ ತಾವೇ ತೊಟ್ಟು, ಕಣ್ಣಿನಿಂದ ನೋಡಿ ಸರಿಮಾಡಿಕೊಂಡರು. ಬಲಗೈ ಕತ್ತಿನ ಮೇಲೆ ಹೋಯಿತು. ಬಸ್ಸಿನಲ್ಲಿ ಅಷ್ಟು ಸಲೀಸಾಗಿ ಓಡಾಡಿದ ಬೆರಳುಗಳು ಇಲ್ಲಿ ಒಂದರ ಮೇಲೊಂದು ಬಿದ್ದವು. ಕಲಿಯಲು ಬಂದ ಮೊದಲ ದಿನದವರ ಹಾಗೆ ಒಂದೊಂದೇ ತಂತಿ ಒತ್ತಿದರು. ಎಡಗೈ ಒಮ್ಮೆ ತಂತಿಗೆ ಬಡಿಯಿತು, ಒಮ್ಮೆ ಗಾಳಿಗೆ ಬೀಸಿತು. ಕಿವಿಗೆ ಹಿತವಾದದ್ದು ಏನೂ ಕೇಳಲಿಲ್ಲ. ಇದಕ್ಕೋಸ್ಕರ ಗಿಟಾರು ಕೆಡಿಸಬೇಕಿತ್ತೇ ಎಂದು ನನಗೇ ಅನ್ನಿಸಿತು. ಅತ್ತೆ ಕೂಡ ಈ ಸಲ ಬಾಗಿಲು, ಎಣ್ಣೆ ಅನ್ನಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಲ್ಲದೆ ಬರುತ್ತಿತ್ತು.

ಬೇಗ ನಿಲ್ಲಿಸಿಬಿಡುತ್ತಾರೆ ಎಂದು ನಾನು ಕಾದೆ. ನಿಲ್ಲಿಸಲಿಲ್ಲ. ಕತ್ತಲಾಯಿತು, ದೀಪ ಹಚ್ಚಿದೆ.

ಟ್ಯೂಬ್‌ಲೈಟಿನ ಕೆಳಗೆ ಕೂತು ಎಡಗೈಗಾಗಿ ಕೈ ಚಾಚಿದೆ. ಕೊಟ್ಟರು. ಮಿಜರಾಬು ತೆಗೆದು ನೋಡಿದೆ. ಉಂಗುರದ ಗುರುತು ತೆಳ್ಳಗೆ ಇತ್ತು, ಚರ್ಮ ಬೆಳ್ಳಗಾಗಿರಲಿಲ್ಲ. ಗಾಯವಿರಲಿಲ್ಲ. ಕೈ ವಾಪಸು ಇಟ್ಟೆ.

"ಈ ಕೈ ನೋಡು," ಎಂದರು.

ಬಲಗೈ ಮುಂದಿಟ್ಟಿದ್ದರು. ಇಷ್ಟು ದಿನ ಆ ಕೈಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಬೆರಳ ತುದಿಗಳಲ್ಲಿ ತಂತಿಯ ಗೆರೆಗಳು ಆಳವಾಗಿ ಕೂತಿದ್ದವು, ಸುತ್ತ ಕೆಂಪಗೆ ಊದಿತ್ತು.

"ಉರಿಯಾಕತ್ತಾವು," ಎಂದರು.

"ಭಾಳ ಏನ್ರಿ?"

"ಭಾಳ."

ಟಿ.ವಿ. ಹಚ್ಚಿರಲಿಲ್ಲ. ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು. ಹೆಬ್ಬೆರಳಿನಿಂದ ಒಂದೊಂದೇ ತುದಿಯನ್ನು ಒತ್ತಿ, ಪ್ರತಿ ಸಲ ಮುಖ ಹಿಂಡಿಕೊಂಡರು. ಒತ್ತುವುದನ್ನು ನಿಲ್ಲಿಸಲಿಲ್ಲ.

"ಕೊಬ್ಬರಿ ಎಣ್ಣಿ ಹಚ್ಚಲೇನ್ರಿ?" ಎಂದೆ.

"ಬ್ಯಾಡ," ಎಂದರು. "ಇರ್ಲಿ."