ಹುಚ್ಚಪ್ಪನ ಗುದ್ದಲಿ

ಹೆಣದ ಹೆಗಲ ಮೇಲೆ ಕೊಟ್ರೇಶ ಹೊದಿಸಿದ ಕೇಸರಿ ಶಾಲನ್ನು ಸಕ್ರವ್ವ ಎಳೆದು ತೆಗೆದಳು. ಮಡಚಿ ಅವನ ಕೈಗೇ ಕೊಟ್ಟಳು.

"ಇದು ನಮ್ಮ ಮನೀದಲ್ಲ."

ಅಂಗಳದ ಭಜನೆ ನಿಂತಿತು. ಗೋಡೆಗೆ ಒರಗಿಸಿ ಕೂಡಿಸಿದ್ದ ಅವಳ ಗಂಡ ಹುಚ್ಚಪ್ಪ, ಹಣೆಗೆ ವಿಭೂತಿ, ಗದ್ದಕ್ಕೆ ಬಟ್ಟೆ ಕಟ್ಟಿಸಿಕೊಂಡು, ಪಂಚಾಯ್ತಿಗೆ ಬಂದ ಹಿರಿಯನ ಹಾಗೆ ಕುಳಿತಿದ್ದ. ನಿನ್ನೆ ಕಡಲೆ ಹೊಲದಲ್ಲಿ ಕೂಲಿ ಮಾಡುವಾಗ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಎದ್ದಿರಲಿಲ್ಲ.

ರೋಣದ ಗುಂಪಿನ ಮುಂದಾಳು ಕೊಟ್ರೇಶ; ಅವನ ಹಿಂದೆ ಎರಡು ಜೀಪಿನಲ್ಲಿ ಬಂದ ಹುಡುಗರು. ಅವರ ನಡುವೆ ಸಕ್ರವ್ವನ ಮಗ ಮಂಜು. ಜಾಮೀನಿನ ಮೇಲೆ ಹೊರಬಂದರೂ ಊರಿಗೆ ಬರದೆ, ರೋಣದಲ್ಲಿ ಈ ಗುಂಪಿನ ಕೋಣೆಯಲ್ಲೇ ಉಳಿದವನು. ಅಪ್ಪನ ಮುಖ ನೋಡಿದ. ಲಗುಬಗೆಯಿಂದ ನೆಲ ನೋಡಿದ.

"ಮಂಜುನಾಥಜೀ ಅವ್ರ ತಂದಿ ಅಂದ್ರ ನಮಗೂ ತಂದಿ ಇದ್ದಂಗ್ರಿ ಅವ್ವಾರ," ಎಂದ ಕೊಟ್ರೇಶ. "ಮಗನ್ನ ಜೇಲಿಗೆ ಹಾಕಿದ ಕೊರಗಿನಾಗ ಧರ್ಮಕ್ಕ ಜೀವ ಕೊಟ್ರು. ಮೆರವಣಿಗಿ ಮಾಡೋಣ್ರಿ."

"ಅಂವ ಸತ್ತದ್ದು ಕಡ್ಲಿ ಹೊಲದಾಗ. ಮಗನ್ನ ಜೇಲಿಗೆ ಹಾಕಿಸಿದಾಂವನೂ ಅವನ."

ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದ ಹುಡುಗ ಮೊಬೈಲು ಕೆಳಗಿಳಿಸಿದ. ಕೊಟ್ರೇಶ ದನಿ ಬದಲಿಸಿದ.

"ಆತು, ಮೆರವಣಿಗಿ ಬ್ಯಾಡ. ಆದ್ರ ಕುಣಿಗೆ ಆ ಸಾಬ ಗುದ್ದಲಿ ಹಾಕಬಾರ್ದು. ಹಾಕಿದ್ರ ನಾವು ಸುಮ್ಮನಿರೂದಿಲ್ಲ."

ಊರಿನ ಪದ್ಧತಿ ಹಾಗಿತ್ತು. ಮೊಹರಂ ಬಂದಾಗ ಮಸೂತಿಯ ಮುಂದೆ ಬೆಂಕಿ ಹಾಕುವ ಅಲೈ ಕುಣಿಗೆ ಮೊದಲ ಗುದ್ದಲಿ ಹುಚ್ಚಪ್ಪನ ಮನೆಯವರದು. ಹುಚ್ಚಪ್ಪನ ಮನೆಯಲ್ಲಿ ಯಾರಾದರೂ ಸತ್ತರೆ, ಹೂಳುವ ಕುಣಿಗೆ ಮೊದಲ ಗುದ್ದಲಿ ಮಸೂತಿ ನೋಡಿಕೊಳ್ಳುವ ಕಾಶೀಂಸಾಬನ ಮನೆಯವರದು. ಎರಡಕ್ಕೂ ಗುದ್ದಲಿ ಒಂದೇ. ಅದು ಮಸೂತಿಯ ಬಾಗಿಲ ಹಿಂದೆ ಇರುತ್ತಿತ್ತು. ಹುಚ್ಚಪ್ಪನ ಗುದ್ದಲಿ ಎಂದೇ ಅದರ ಹೆಸರು. ಈ ಪದ್ಧತಿ ಯಾರು ಮಾಡಿದರೆಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಕಾಶೀಂಸಾಬ ಆ ಗುದ್ದಲಿ ಹಿಡಿದು ಅಂಗಳದ ಅಂಚಿನಲ್ಲಿ ನಿಂತಿದ್ದ. ಅದರ ಹಿಡಿಕೆ ಕೆಳಗಿನ ಅರ್ಧ ಸುಟ್ಟು ಕರಿಯಾಗಿತ್ತು.

"ಬ್ಯಾಡ ಬಿಡವಾ ತಂಗಿ," ಎಂದ. "ಹೆಣದ ಮುಂದ ಗದ್ದಲ ಬ್ಯಾಡ. ನಾ ದೂರ ನಿಂತು ಮಣ್ಣು ಕೊಟ್ಟು ಹೋಗ್ತೀನಿ."

"ನಿನ್ನ ಕೇಳಿಲ್ಲಣ್ಣ ನಾ." ಸಕ್ರವ್ವ ಗಂಡನ ಪಕ್ಕದಲ್ಲಿ ನೆಲಕ್ಕೆ ಕೂತಳು. "ಕಾಶೀಮಣ್ಣ ಗುದ್ದಲಿ ಹಾಕೂತನಕ ಈ ಹೆಣ ಏಳೂದಿಲ್ಲ. ಅಂವ ಕುಂತಾನ, ನಾನೂ ಕುಂದರ್ತೀನಿ."

* * *

ಮಂಜು ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದಾಗ ಮೊಬೈಲಿನಲ್ಲಿ ಆ ಗುಂಪು ಸಿಕ್ಕಿತ್ತು. ಊರಲ್ಲಿ ಅವನು 'ಹುಚ್ಚನ ಮಗ'. ಗುಂಪಿನಲ್ಲಿ 'ಮಂಜುನಾಥಜೀ'. ಊರಿಗೆ ಮರಳಿದವನು ಮಸೂತಿಯ ಕಡೆ ನೋಡುವ ರೀತಿಯೇ ಬೇರೆಯಾಗಿತ್ತು. ವಯಸ್ಸು, ಸರಿಹೋಗ್ತಾನ ಎಂದು ಸಕ್ರವ್ವ ಸುಮ್ಮನಿದ್ದಳು.

ಕಳೆದ ಮೊಹರಂನಲ್ಲಿ ನಡುಮಧ್ಯಾಹ್ನ ಮಸೂತಿಯ ಬಾಗಿಲಿಗೆ ಪೆಟ್ರೋಲಿನ ಬಾಟ್ಲಿ ಬಿತ್ತು. ಒಳಗೆ ನೆಲ ಸಾರಿಸುತ್ತಿದ್ದ ಕಾಶೀಂಸಾಬನ ಹೆಂಡತಿ ಖಾಜಾಬಿಯ ಬಲಗೈ ಮೊಣಕೈಯವರೆಗೆ ಸುಟ್ಟಿತು. ಬಾಗಿಲೂ ಹೋಯಿತು, ಹಿಂದಿದ್ದ ಗುದ್ದಲಿಯ ಹಿಡಿಕೆಯೂ ಅರ್ಧ ಸುಟ್ಟಿತು.

ಹುಚ್ಚಪ್ಪ ಮಗನನ್ನು ಬಣವೆಯ ಹಿಂದೆ ಹಿಡಿದ. ಮಂಜು ಪೆಟ್ರೋಲಿನ ವಾಸನೆ ಹೋಗಲೆಂದು ಮಣ್ಣು ಹಚ್ಚಿ ಕೈ ತಿಕ್ಕಿಕೊಳ್ಳುತ್ತಿದ್ದ. ಸಕ್ರವ್ವ ಅಲ್ಲೇ ಇದ್ದಳು. ಅಪ್ಪ ಹೊಡೆಯಲಿಲ್ಲ.

"ಯಾಕೋ?"

"ನಿನಗ ತಿಳಿಯೂದಿಲ್ಲಪ್ಪಾ. ಮೊಬೈಲ್ ನೋಡಿದ್ರ ತಿಳೀತಿತ್ತು. ನಮ್ಮನ್ನ ಮುಗಸ್ತಾರ ಅವ್ರು."

"ಖಾಜಾಬಿ ಮುಗಸ್ತಾಳೇನ ನಿನ್ನ? ಆಕಿಗೆ ಕೋಳಿ ಕೊಯ್ಯಾಕ ಬರೂದಿಲ್ಲೋ."

ಅಂಗಿ ಬದಲಿಸಲೂ ಬಿಡದೆ ಬಸ್ಸಿಗೆ ಹತ್ತಿಸಿದ. ರೋಣದಲ್ಲಿ ಇಳಿದು ಮೊದಲು ಗಿರಮಿಟ್ ತಿನ್ನಿಸಿದ, ಒಳಗೆ ಯಾವಾಗ ಊಟ ಕೊಡ್ತಾರೋ ಏನೋ ಎಂದು. ಆಮೇಲೆ ಸ್ಟೇಷನ್ನಿಗೆ ಕರೆದೊಯ್ದು, "ಇಂವ ನನ್ನ ಮಗ. ಬಾಟ್ಲಿ ಒಗದಾಂವ ಇವನ. ಬರಕೋರಿ," ಎಂದ.

"ಬಿಟ್ಟು ಬಂದೆ," ಎಂದ ಮನೆಗೆ ಬಂದು, ಎತ್ತನ್ನು ಸಂತೆಯಲ್ಲಿ ಬಿಟ್ಟುಬಂದವನ ಹಾಗೆ. ಸಕ್ರವ್ವ ಬಹಳ ದಿನ ಅವನಿಗೆ ರೊಟ್ಟಿ ಹಾಕಿದಳೇ ಹೊರತು ಮಾತು ಹಾಕಲಿಲ್ಲ. ಆಮೇಲೊಂದು ದಿನ ಖಾಜಾಬಿಯ ಕೈಗೆ ಮುಲಾಮು ಹಚ್ಚಲು ಹೋದಳು. ಕಟ್ಟು ಬಿಚ್ಚಿ ಒಳಗಿನದನ್ನು ಕಂಡವಳು ಮನೆಗೆ ಬಂದು, "ಉಂಡೇನ?" ಎಂದು ಗಂಡನನ್ನು ಕೇಳಿದಳು.

ಕಾಶೀಂಸಾಬ ಗುದ್ದಲಿಗೆ ಹೊಸ ಹಿಡಿಕೆ ಕೆತ್ತಿಸಿ ತಂದಾಗ ಹುಚ್ಚಪ್ಪ ಹಾಕಗೊಡಲಿಲ್ಲ. "ಇದ ಇರಲಿ. ನೋಡೋರು ನೋಡಲಿ."

* * *

ಬಿಸಿಲು ನೆತ್ತಿಗೆ ಬಂತು. ಹೆಣ ಎತ್ತುವ ತನಕ ಓಣಿಯಲ್ಲಿ ಒಲೆ ಹಚ್ಚುವಂತಿಲ್ಲ. ಅವತ್ತು ಓಣಿ ದಾಟಿ ಇಡೀ ಊರೇ ಒಲೆ ಹಚ್ಚಲಿಲ್ಲ. ಹಾಗೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ಸಕ್ರವ್ವನ ಬದಿಗೆ ಕೂತರು. ಖಾಜಾಬಿ ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು. ಹೊಳಿಯಪ್ಪ ಮತ್ತೆ ತಾಳ ಕುಟ್ಟಿ ಭಜನೆ ಎತ್ತಿದ.

ಜೀಪಿನ ಹುಡುಗರು ಹಸಿದು ಎದುರಿನ ಗೋಣೆಪ್ಪನ ಚಾದಂಗಡಿಗೆ ಹೋದರು.

"ಒಲಿ ಹಚ್ಚಿಲ್ರಿ," ಎಂದ ಗೋಣೆಪ್ಪ.

"ಗ್ಯಾಸ್ ಐತಲ್ಲೋ?"

"ಗ್ಯಾಸಿಗೂ ಸೂತಕ ಐತ್ರಿ."

ಕೊಟ್ರೇಶ ಮೇಜು ಗುದ್ದಿದ. "ಈ ಊರನ್ನ ನೆನಪಿಟ್ಟಿರ್ತೀವಿ."

"ಇಟ್ಕೋರಿ. ಹೋಗೂ ದಾರ್ಯಾಗ ಕಲ್ಲಿನ ಮ್ಯಾಲ ಹೆಸರು ಬರದೈತಿ. ಮರತ್ರ ಓದಿಕೋರಿ."

ಭಜನೆಯವರಲ್ಲೂ ನಗೆ ಹೊರಟಿತು. ಕೊಟ್ರೇಶ ಕೂತವರನ್ನೆಲ್ಲ ಒಮ್ಮೆ ನೋಡಿದ. ಅಂಗಳ ತುಂಬಿ ಜನ ರಸ್ತೆಗೆ ಬಂದಿದ್ದರು. ಯಾರ ಕೈಯಲ್ಲೂ ಏನೂ ಇರಲಿಲ್ಲ. ಯಾರೂ ಏಳುವ ಹಾಗೂ ಇರಲಿಲ್ಲ. ಅವನು ಜೀಪು ಹತ್ತಿದ.

"ಮಂಜುನಾಥಜೀ, ಬರ್ರಿ."

ಸಕ್ರವ್ವ ಮಗನ ಕಡೆ ನೋಡಲಿಲ್ಲ. ಕರೆದರೆ ಬರುತ್ತಾನೆಂದು ಗೊತ್ತಿತ್ತು. ಅದಕ್ಕೇ ಕರೆಯಲಿಲ್ಲ.

"ಅಪ್ಪನ ಮಣ್ಣು ಮುಗಿಸಿ..." ಎಂದ ಮಂಜು, ಅರ್ಧಕ್ಕೆ.

"ಆ ಸಾಬ ಗುದ್ದಲಿ ಹಾಕಿದ ಕುಣ್ಯಾಗ?"

ಮಂಜು ಜೀಪು ಹತ್ತಲಿಲ್ಲ. ಜೀಪುಗಳು ಧೂಳೆಬ್ಬಿಸಿ ಹೋದವು.

ಸಕ್ರವ್ವ ಎದ್ದಳು. ಹೆಂಗಸರು ಕುಣಿಯ ತನಕ ಹೋಗುವ ರೂಢಿಯಿಲ್ಲ. ಅವತ್ತು ಹೋದರು. ಕುಣಿ ತೋಡಿ ಬರುವ ತನಕ ಹೆಣದ ಹತ್ತಿರ ಮಗಳು ಕವಿತಾ ಉಳಿದಳು.

ಸುಡುಗಾಡಿನ ಕರಿ ಎರಿ ನೆಲ ಬಿರುಕು ಬಿಟ್ಟಿತ್ತು. ಕಾಶೀಂಸಾಬ ಬಗ್ಗಿ ಮಣ್ಣು ಮುಟ್ಟಿ, ಮೊದಲ ಏಟು ಹಾಕಿದ. ಎರಡನೆಯದು ಮಗನದು. ಗುದ್ದಲಿಯನ್ನು ಮಂಜುವಿನ ಕಡೆ ಚಾಚಿದ.

"ತಗೋ."

ಮಂಜು ಹಿಡಿಕೆಯ ಮೇಲ್ತುದಿಯಲ್ಲಿ, ಕಟ್ಟಿಗೆ ಇನ್ನೂ ಬೆಳ್ಳಗಿದ್ದಲ್ಲಿ, ಎರಡೂ ಕೈ ಇಟ್ಟ.

"ಅಲ್ಲಲ್ಲ," ಎಂದಳು ಸಕ್ರವ್ವ. "ಸುಟ್ಟಲ್ಲೆ ಹಿಡಿ."

"ಇರಲಿ ಬಿಡು ತಂಗಿ," ಎಂದ ಕಾಶೀಂಸಾಬ.

"ಇರೂದಿಲ್ಲ."

ಮಂಜುವಿನ ಒಂದು ಕೈ ಕೆಳಗೆ ಜಾರಿ ಕರಿಯಾದಲ್ಲಿ ನಿಂತಿತು. ನೆಲ ಗಟ್ಟಿಯಿತ್ತು. ಅಗೆದ, ಮತ್ತೆ ಅಗೆದ, ಬೆವರು ಕಣ್ಣಿಗಿಳಿಯುವ ತನಕ. ಮುಖ ಒರೆಸಿಕೊಂಡಾಗ, ವಿಭೂತಿ ಹಚ್ಚುವ ಜಾಗದಲ್ಲೇ ಮೂರು ಬೆರಳಿನ ಕಪ್ಪು ಗೆರೆ ಮೂಡಿತು. ಖಾಜಾಬಿ ಅದನ್ನು ನೋಡಿದಳು. ನೆರೆದವರೆಲ್ಲ ನೋಡಿದರು. ಒರೆಸಿಕೋ ಎಂದು ಯಾರೂ ಹೇಳಲಿಲ್ಲ.