ಒಂದೇ ಹಾಸಿನ ಕೆಳಗೆ ಎರಡು ಮೇಜು

ಎರಡು ಮೇಜುಗಳ ನಡುವೆ ನಾಲ್ಕು ಬೆರಳಷ್ಟು ಸಂದು ಬಿಟ್ಟು, ಮೇಲೆ ಒಂದೇ ಬಟ್ಟೆ ಹಾಸುವುದನ್ನು ಅಗಾಟಾಳಿಗೆ ಹೇಳಿಕೊಟ್ಟವಳು ಅವಳ ತಾಯಿ. ಚರ್ಚಿನ ಸಭೆ ಬಹಿಷ್ಕಾರ ಹಾಕಿದವನ ಜೊತೆ, ಕಟ್ಟಿಕೊಂಡ ಹೆಂಡತಿಯೂ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ.

"ದೇವರಿಗೆ ಸಂದು ಕಾಣುತ್ತೆ, ನೆಂಟರಿಗೆ ಬಟ್ಟೆ ಕಾಣುತ್ತೆ. ಒಳ್ಳೇ ಉಪಾಯ" ಎಂದು ಗಂಡ ಡೀಟ್ರಿಚ್ ಮೊದಲ ದಿನ ನಕ್ಕಿದ್ದ.

ಮ್ಯಾನಿಟೋಬಾದ ಆ ಬಯಲಿನಲ್ಲಿ ಸರ್ಕಾರ ಒಬ್ಬೊಬ್ಬರ ಹೆಸರಿಗೇ ನೆಲ ಬರೆದುಕೊಟ್ಟಿದ್ದರೂ, ಊರಿನವರು ಎಲ್ಲವನ್ನೂ ಕೂಡಿಸಿ, ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಉಳುತ್ತಿದ್ದರು. ಇವರ ಪಾಲಿಗೆ ಬಂದದ್ದು ತಗ್ಗು. ಹಿಮ ಕರಗಿದಾಗಲೆಲ್ಲ ನೀರು ನಿಂತು ಗೋಧಿ ಕೊಳೆಯುತ್ತಿತ್ತು. "ದಿಬ್ಬದ ಮೇಲೆ ನಿಮ್ಮ ಹೆಸರಲ್ಲೇ ನೆಲ ಇದೆಯಲ್ರೀ, ಹೋಗೋಣ" ಎಂದು ಚಳಿಗಾಲವಿಡೀ ಗಂಡನ ಕಿವಿ ಕೊರೆದವಳು ಅಗಾಟಾ. ಒಬ್ಬರು ತಮ್ಮ ನೆಲ ಬಿಡಿಸಿಕೊಂಡರೂ ಊರಿನ ಕೂಡು ಬೇಸಾಯ ಮುರಿಯುತ್ತಿತ್ತು. ಊರು ಒಡೆಯುವ ಈ ಯೋಚನೆ ಯಾರದು ಎಂದು ಗಂಡಸರ ಸಭೆ ಕೇಳಿದಾಗ ಡೀಟ್ರಿಚ್ "ನಂದೇ" ಎಂದುಬಿಟ್ಟ. ಬಹಿಷ್ಕಾರ ಅವನೊಬ್ಬನ ಮೇಲೆ ಬಿತ್ತು.

ಕೊಯ್ಲು ಮುಗಿದ ಮೇಲೆ ಸಭೆಯ ಹಿರಿಯ ಫಂಕ್ ಅವಳ ತಾಯಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ದಿಬ್ಬದ ಮೇಲಿನ ಮನೆಗೆ ಬಂದ. ಕುಳಿತವನೇ ಬಟ್ಟೆಯ ಮೇಲೆ ಕೈಯಾಡಿಸಿ ಸಂದನ್ನು ಹುಡುಕಿದ.

"ಇಟ್ಟಿದ್ದೀಯ. ಒಳ್ಳೇದು ತಂಗಿ. ಆದ್ರೆ ಒಂದು ಮಾತು ಕೇಳ್ಬೇಕು. ಊರು ಬಿಡೋ ಯೋಚನೆ ಅವನೊಬ್ಬನದೇನಾ? ನಿಂದೂ ಆಗಿದ್ರೆ ನೀನೂ ಆಚೆಗೇ. ಆಗ ಇಬ್ರೂ ಒಂದೇ ಮೇಜಲ್ಲಿ ಉಣ್ಣಬಹುದು, ನಮ್ಮ ಅಡ್ಡಿ ಇಲ್ಲ."

"ಅಯ್ಯೋ, ನನ್ನ ಮಗಳಿಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು?" ಎಂದು ತಾಯಿ ನಡುವೆ ಬಾಯಿ ಹಾಕಿದಳು. "ಸೂಪಿಗೆ ಉಪ್ಪು ಹಾಕೋಕೂ ನನ್ನ ಕೇಳ್ತಿದ್ದವಳು!" ನಗುತ್ತಲೇ ಹೇಳಿದಳು. ಮಡಿಲಲ್ಲಿದ್ದ ಅವಳ ಕೈಯನ್ನು ಅಗಾಟಾ ನೋಡಿದಳು. ಒಂದು ಮಾತು ಆಡಿದರೆ ಈ ಕೈ ಇನ್ನು ತನ್ನ ಕೈಯಿಂದ ಒಂದು ತುಂಡು ರೊಟ್ಟಿಯನ್ನೂ ತೆಗೆದುಕೊಳ್ಳದು. ಒಡಹುಟ್ಟಿದ ತಂಗಿಯ ಮದುವೆಗೂ ಹೋಗುವಂತಿಲ್ಲ. ಮುಂದೆ ತನ್ನ ಹೆರಿಗೆಗೂ ಯಾರೂ ಬರುವುದಿಲ್ಲ.

"ಅವರು ಹಟ ಹಿಡಿದ್ರೆ ಯಾರ ಮಾತೂ ಕೇಳಲ್ಲ" ಎಂದಳು ಅಗಾಟಾ.

ಕೊಟ್ಟಿಗೆ ಕಡೆಯ ಬಾಗಿಲಲ್ಲಿ ಒಲೆಗೆಂದು ಬೆರಣಿಯ ಬುಟ್ಟಿ ಹೊತ್ತು ಡೀಟ್ರಿಚ್ ನಿಂತಿದ್ದ. ಬುಟ್ಟಿಯನ್ನು ಮೆಲ್ಲಗೆ ಇಳಿಸಿ, ಬಂದ ದಾರಿಯಲ್ಲೇ ಹಿಂದಿರುಗಿದ.

ಗಾಡಿ ಮರೆಯಾದ ಮೇಲೆ ಅಗಾಟಾ ಅವನ ಬಳಿ ಹೋದಳು. "ಅಮ್ಮ ಎದುರಿಗೇ ಕೂತಿದ್ರು. ನಾನೇನು ಮಾಡ್ಲಿ?"

"ನಾನು ಒಬ್ಬನೇ ಹೊರ್ತೀನಿ ಅಂತ ಹೊತ್ತಿದ್ದೆ ಕಣೇ. ನೀನು ಸುಮ್ನಿದ್ದಿದ್ರೆ ಸಾಕಿತ್ತು." ಅವನು ಹಸುವಿನ ಬೆನ್ನು ಉಜ್ಜುತ್ತಲೇ ಇದ್ದ. "ಮೇಲೆ ಒಂದು ಕಲ್ಲು ಹೇರೋದು ಬೇಕಿತ್ತಾ?"

ಭಾನುವಾರ ಚರ್ಚಿನಲ್ಲಿ, ಹೆಂಗಸರ ಬೆಂಚಿನ ಮೇಲೆ ತಾಯಿ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು. ಫಂಕ್ ಹಟಮಾರಿ ಗಂಡಂದಿರ ಬಗ್ಗೆ ಬೋಧಿಸಿದ. ಬೆಂಚಿನ ಉದ್ದಕ್ಕೂ ಹೆಂಗಸರು ತಿರುಗಿ ಅವಳನ್ನು ಕನಿಕರದಿಂದ ನೋಡಿದರು. ಅಗಾಟಾ ತಲೆ ತಗ್ಗಿಸಿ ಆ ಕನಿಕರವನ್ನು ತನಗೆ ಸಲ್ಲಬೇಕಾದದ್ದೇ ಎಂಬಂತೆ ತೆಗೆದುಕೊಂಡಳು.